ಬಾನುಲಿ ಸಂದರ್ಶನ ಮತ್ತು ಗಡಿನಾಡಿನ ಕನ್ನಡ

ಸಂದರ್ಶನವನ್ನು ಪತ್ರಿಕಾ ಬರಹದ ಒಂದು ಪ್ರಕಾರವಾಗಿ ಪಾಠ ಮಾಡುವುದು ನಮ್ಮ ತರಗತಿಗಳ ವಾಡಿಕೆ. ಕವಿಯನ್ನೋ ಯಕ್ಷಗಾನ ಕಲಾವಿದನನ್ನೋ ಕಂಡು, ಅವರ ಬಾಲ್ಯ, ಗುರುಗಳು, ಪ್ರಶಸ್ತಿಗಳನ್ನು ಕುರಿತು ಕೇಳಿ, ಉತ್ತರಗಳನ್ನು ತಿದ್ದಿ ಬರೆದರೆ ಅದು ಸಂದರ್ಶನವೆನಿಸಿಕೊಳ್ಳುತ್ತದೆ. ಬಾನುಲಿಯಲ್ಲಿಯೂ ಇಂತಹ ವ್ಯಕ್ತಿಪರಿಚಯಗಳಿವೆ. ಅವುಗಳಿಗೆ ತಮ್ಮದೇ ಬೆಲೆಯಿದೆ. ಆದರೆ ಅದೇ ಬಾನುಲಿಯಲ್ಲಿ ಇನ್ನೊಂದು ಬಗೆಯ ಮಾತುಕತೆಯೂ ಉಂಟು. ಊರಿನ ನೀರು, ರಸ್ತೆ, ಶಾಲೆ, ಪಡಿತರ, ಆಸ್ಪತ್ರೆ ಇವುಗಳ ಬಗ್ಗೆ ಉತ್ತರ ಹೇಳಬೇಕಾದವರನ್ನು ಕೂರಿಸಿಕೊಂಡು ಕೇಳುವ ಮಾತು ಅದು. ಈ ಎರಡನೆಯದರಲ್ಲಿ ಭಾಷೆಗೆ ಬೀಳುವ ಹೊರೆ ಬೇರೆ. ಗಡಿಯಾಚೆಯ ಕನ್ನಡಿಗರ ಮಟ್ಟಿಗಂತೂ ಆ ಹೊರೆಯನ್ನು ಕನ್ನಡ ಹೊರಬಲ್ಲುದೇ ಎಂಬುದು ಪಠ್ಯದ ಪ್ರಶ್ನೆಯಷ್ಟೇ ಆಗಿ ಉಳಿಯುವುದಿಲ್ಲ.

ಕನ್ನಡ ನಾಡಿನಲ್ಲಿ ಬಾನುಲಿಯ ಆರಂಭವೇ ಒಂದು ಮನೆಯಲ್ಲಿ ಆಯಿತು. 1935ರ ಸೆಪ್ಟೆಂಬರಿನಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ನಿವಾಸದಿಂದಲೇ ಪ್ರಸಾರ ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಆ ನಿಲಯದ್ದು. 1950ರಲ್ಲಿ ಧಾರವಾಡ, 1976ರ ಡಿಸೆಂಬರಿನಲ್ಲಿ ಮಂಗಳೂರು ನಿಲಯಗಳು ಬಂದವು. ಕಾಸರಗೋಡು, ಮಂಜೇಶ್ವರದ ಮನೆಗಳಿಗೆ ಮಂಗಳೂರಿನ ದನಿ ತಲಪಿದ್ದು ಸಹಜವೇ. ತರಂಗಕ್ಕೆ ತಲಪಾಡಿಯ ಗೇಟು ಗೊತ್ತಿಲ್ಲ. ಕೃಷಿರಂಗ, ಯಕ್ಷಗಾನ ತಾಳಮದ್ದಳೆ, ಪ್ರದೇಶ ಸಮಾಚಾರ ಎಲ್ಲವೂ ಗಡಿ ದಾಟಿ ಬಂದವು.

ಆದರೆ ತರಂಗ ದಾಟಿದಂತೆ ಆಡಳಿತ ದಾಟುವುದಿಲ್ಲ. 1956ರ ನವೆಂಬರ್ 1ರ ಬಳಿಕ ಕಾಸರಗೋಡಿನ ರೈತನ ತೆರಿಗೆ, ಮಗುವಿನ ಪಠ್ಯಪುಸ್ತಕ, ವಿಧವೆಯ ಪಿಂಚಣಿ, ಎಲ್ಲದರ ತೀರ್ಮಾನ ತಿರುವನಂತಪುರದಲ್ಲಿ. ಮಂಗಳೂರಿನ ಬಾನುಲಿಯಲ್ಲಿ ಅಡಿಕೆಯ ಕೊಳೆರೋಗದ ಬಗ್ಗೆ ಹೇಳಿದ್ದು ಎಣ್ಮಕಜೆಯ ತೋಟಕ್ಕೂ ಸಲ್ಲುತ್ತದೆ, ಏಕೆಂದರೆ ರೋಗಕ್ಕೆ ರಾಜ್ಯವಿಲ್ಲ. ಬೆಳೆ ಪರಿಹಾರದ ಅರ್ಜಿಯ ಬಗ್ಗೆ ಅದೇ ನಿಲಯದಲ್ಲಿ ಹೇಳಿದ್ದು ಮಾತ್ರ ಸಲ್ಲುವುದಿಲ್ಲ. ಹೀಗೆ ಗಡಿನಾಡಿನ ಕೇಳುಗನಿಗೆ ತನ್ನ ಭಾಷೆ ಒಂದು ದಿಕ್ಕಿನಿಂದ, ತನ್ನ ಸುದ್ದಿ ಇನ್ನೊಂದು ದಿಕ್ಕಿನಿಂದ ಬರುತ್ತದೆ. ಸೊಲ್ಲಾಪುರ, ಅಕ್ಕಲಕೋಟೆಗಳಲ್ಲಿ ಮರಾಠಿ, ಆದವಾನಿ, ಮಡಕಶಿರಾಗಳಲ್ಲಿ ತೆಲುಗು, ತಾಳವಾಡಿ, ಹೊಸೂರುಗಳಲ್ಲಿ ತಮಿಳು ಎಂಬುದಷ್ಟೇ ವ್ಯತ್ಯಾಸ, ಒಡಕು ಒಂದೇ.

ಈ ಒಡಕಿನ ಪರಿಣಾಮವನ್ನು ಭಾಷಾಶಾಸ್ತ್ರದ ವಿದ್ಯಾರ್ಥಿಗಳು ಗಮನಿಸಬೇಕು. ಒಂದು ಭಾಷೆಯಲ್ಲಿ ಹಾಡು ಹೇಳುತ್ತಾರೆ, ಪುರಾಣ ಪ್ರವಚನ ಮಾಡುತ್ತಾರೆ, ರಾಜ್ಯೋತ್ಸವದ ಭಾಷಣ ಮಾಡುತ್ತಾರೆ. ಆದರೆ ಅಧಿಕಾರಿಯನ್ನು ಪ್ರಶ್ನಿಸುವುದು ಬೇರೆ ಭಾಷೆಯಲ್ಲಿ ಎಂದಾದರೆ, ಮೊದಲ ಭಾಷೆಯಿಂದ ಒಂದು ವಾಕ್ಯಪ್ರಕಾರವೇ ಬಳಕೆ ತಪ್ಪುತ್ತದೆ. ಲೆಕ್ಕ ಕೇಳುವ ವಾಕ್ಯ ಅದು. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆ ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಡನೆ ತಮ್ಮ ಭಾಷೆಯಲ್ಲಿ ವ್ಯವಹರಿಸುವ ಮತ್ತು ಅದೇ ಭಾಷೆಯಲ್ಲಿ ಉತ್ತರ ಪಡೆಯುವ ಹಕ್ಕನ್ನು ಕೊಟ್ಟಿದೆ. ಕಾಗದದ ಮೇಲಿನ ಈ ಹಕ್ಕಿಗೆ ಬಾಯಿಮಾತಿನ ಅಭ್ಯಾಸ ಬೇಕಾಗುತ್ತದೆ. ಕನ್ನಡದಲ್ಲಿ ಅರ್ಜಿ ಬರೆಯಬೇಕಾದವನಿಗೆ ಕಚೇರಿಯ ವಿಷಯವನ್ನು ಕನ್ನಡದಲ್ಲಿ ಕೇಳಿಯೇ ಗೊತ್ತಿಲ್ಲದಿದ್ದರೆ ಅವನು ಅರ್ಜಿ ಬರೆಯುವುದಾದರೂ ಹೇಗೆ?

ಇಲ್ಲಿ ಸಮುದಾಯ ಬಾನುಲಿಯ ವಿಷಯ ಬರುತ್ತದೆ. ವಾಯುತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸರ್ವೋಚ್ಚ ನ್ಯಾಯಾಲಯ ಹೇಳಿದ್ದು 1995ರ ಫೆಬ್ರವರಿಯಲ್ಲಿ, ಬಂಗಾಳದ ಕ್ರಿಕೆಟ್ ಸಂಘದ ಮೊಕದ್ದಮೆಯಲ್ಲಿ. ಕ್ರಿಕೆಟ್ ಪ್ರಸಾರದ ಹಕ್ಕಿನ ಜಗಳದಿಂದ ಹಳ್ಳಿಯ ಬಾನುಲಿಗೆ ದಾರಿ ತೆರೆದುಕೊಂಡದ್ದು ಒಂದು ವಿಚಿತ್ರ. ಆದರೂ ಪರವಾನಗಿ ಮೊದಲು ದೊರೆತದ್ದು ವಿದ್ಯಾಸಂಸ್ಥೆಗಳಿಗೆ ಮಾತ್ರ; ಚೆನ್ನೈಯ ಅಣ್ಣಾ ವಿಶ್ವವಿದ್ಯಾಲಯ 2004ರಲ್ಲಿ ಪ್ರಸಾರ ಆರಂಭಿಸಿತು. 2006ರ ನವೆಂಬರಿನ ಮಾರ್ಗಸೂಚಿ ಸ್ವಯಂಸೇವಾ ಸಂಸ್ಥೆಗಳಿಗೂ ಕೃಷಿ ವಿಜ್ಞಾನ ಕೇಂದ್ರಗಳಿಗೂ ಅವಕಾಶ ಕೊಟ್ಟಿತು. ಪ್ರಸಾರ ಶಕ್ತಿ 100 ವಾಟ್, ವ್ಯಾಪ್ತಿ ಹೆಚ್ಚುಕಡಿಮೆ ಹತ್ತು ಹದಿನೈದು ಕಿಲೋಮೀಟರ್. ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧದಷ್ಟು ಸ್ಥಳೀಯರ ಪಾಲ್ಗೊಳ್ಳುವಿಕೆಯಿಂದಲೇ ರೂಪುಗೊಂಡಿರಬೇಕು. ಸ್ಥಳೀಯ ಭಾಷೆ, ಉಪಭಾಷೆಗಳಿಗೆ ಆದ್ಯತೆ ಇರಬೇಕು.

ಗಡಿಪ್ರದೇಶಗಳೇ ಈ ಕೆಲಸದಲ್ಲಿ ಮುಂದಿದ್ದವು ಎಂಬುದು ಆಕಸ್ಮಿಕವಲ್ಲದಿರಬಹುದು. ಕೋಲಾರ ಜಿಲ್ಲೆಯ ಬೂದಿಕೋಟೆ ಹೈದರಾಲಿ ಹುಟ್ಟಿದ ಊರು. ಕನ್ನಡ, ತೆಲುಗು, ತಮಿಳು ಮೂರೂ ನಡೆಯುವ ಸೀಮೆ. ಪರವಾನಗಿಯೇ ಸಿಗದ ಕಾಲದಲ್ಲಿ ಅಲ್ಲಿನ ‘ನಮ್ಮ ಧ್ವನಿ’ ಕೇಬಲ್ ತಂತಿಯ ಮೂಲಕ ಮನೆಗಳಿಗೆ ದನಿ ಮುಟ್ಟಿಸಿತು. ಬೀದರಿಗೆ ನೆರೆಯ ಜಹೀರಾಬಾದಿನ ಬಳಿ, ಮಾಚನೂರಿನ ಸಂಘಂ ರೇಡಿಯೊ 2008ರ ಅಕ್ಟೋಬರಿನಲ್ಲಿ ಪ್ರಸಾರ ಶುರುಮಾಡಿತು. ಅದನ್ನು ನಡೆಸಿದವರು ನರ್ಸಮ್ಮ ಎಂಬ ಒಂದೇ ಹೆಸರಿನ ಇಬ್ಬರು ದಲಿತ ಮಹಿಳೆಯರು. ಪರವಾನಗಿಗಾಗಿ ಕಾದ ಹತ್ತು ವರ್ಷ ಅವರು ಸುಮ್ಮನೆ ಕೂರಲಿಲ್ಲ. ಟೇಪಿನಲ್ಲಿ ಧ್ವನಿಮುದ್ರಿಸಿ, ಸಂಘದ ಸಭೆಗಳಲ್ಲಿ ಕೇಳಿಸುತ್ತಿದ್ದರು. ಪುಸ್ತಕದ ತೆಲುಗನ್ನು ಬಿಟ್ಟು ತಮ್ಮ ಊರಿನ ತೆಲುಗಿನಲ್ಲಿ ಮಾತನಾಡಿದ್ದು ಅವರ ಪ್ರಜ್ಞಾಪೂರ್ವಕ ಆಯ್ಕೆ. ವಯನಾಡಿನ ಮಾನಂದವಾಡಿಯ ಬಳಿ ದ್ವಾರಕದಲ್ಲಿರುವ ರೇಡಿಯೊ ಮಾಟೊಲಿ ಆದಿವಾಸಿ ಭಾಷೆಗಳಿಗೆ ಸಮಯ ಕೊಟ್ಟಿತು. ನೀಲಗಿರಿಯ ಕೋತಗಿರಿಯಲ್ಲಿಯೂ ಆದಿವಾಸಿ ಭಾಷೆಗಳ ಬಾನುಲಿ ಬಂತು. ಗಡಿಯಾಚೆಯ ಕನ್ನಡ ಇವುಗಳಿಂದ ಕಲಿಯಬೇಕಾದದ್ದಿದೆ. ಲಿಪಿ, ಸಾಹಿತ್ಯ, ವಿಶ್ವವಿದ್ಯಾಲಯಗಳ ಬಲವಿಲ್ಲದ ಭಾಷೆಗಳೂ ಮೈಕಿನ ಮುಂದೆ ಕುಳಿತು ದಿನದ ವಿಷಯ ಮಾತನಾಡಿವೆ.

ಕಾನೂನಿನ ಒಂದು ತೊಡಕನ್ನು ಇಲ್ಲಿಯೇ ಹೇಳಬೇಕು. ಸಮುದಾಯ ಬಾನುಲಿಗೆ ಸ್ವಂತ ಸುದ್ದಿ ಪ್ರಸಾರದ ಹಕ್ಕಿಲ್ಲ. ಆಕಾಶವಾಣಿಯ ಸುದ್ದಿಯನ್ನು ಬದಲಾಯಿಸದೆ ಬಿತ್ತರಿಸಬಹುದಷ್ಟೆ. ಸ್ಥಳೀಯ ಕ್ರೀಡೆ, ಹವಾಮಾನ, ಸಂಚಾರ, ಜಾತ್ರೆ ಉತ್ಸವ, ಪರೀಕ್ಷೆ, ಉದ್ಯೋಗಾವಕಾಶ, ಸ್ಥಳೀಯ ಆಡಳಿತ ಕೊಡುವ ನೀರು, ವಿದ್ಯುತ್ತು, ಆರೋಗ್ಯ, ಪ್ರಕೃತಿ ವಿಕೋಪದ ಪ್ರಕಟಣೆಗಳು ‘ಸುದ್ದಿಯಲ್ಲದ’ ವಿಭಾಗಕ್ಕೆ ಸೇರುತ್ತವೆ. ‘ನಾಳೆ ನೀರು ಬರುವುದಿಲ್ಲ’ ಎನ್ನುವುದು ಪ್ರಕಟಣೆ. ‘ಹೋದ ವಾರ ನೀರು ಯಾಕೆ ಬರಲಿಲ್ಲ’ ಎಂದು ಕೇಳಿದೊಡನೆ ಅದು ಪ್ರಚಲಿತ ವಿದ್ಯಮಾನದ ಗೆರೆಯ ಹತ್ತಿರ ಬಂದು ನಿಲ್ಲುತ್ತದೆ. ಆ ಗೆರೆಯ ಮೇಲೆ ನಡೆಯಲು ಸಂದರ್ಶನ ಪ್ರಕಾರವೇ ಹೆಚ್ಚು ಅನುಕೂಲ. ಬಾನುಲಿ ತಾನಾಗಿ ಏನನ್ನೂ ಸಾರುವುದಿಲ್ಲ, ಕೇಳುತ್ತದೆ. ಉತ್ತರಿಸುವ ಹೊಣೆ ಎದುರಿಗಿದ್ದವರದು. ಪಕ್ಷದ ಹೆಸರಾಗಲಿ ಚುನಾವಣೆಯ ಮಾತಾಗಲಿ ಇಲ್ಲದೆ ಒಂದು ಕೊಳವೆಯ ಬಗ್ಗೆ ಅರ್ಧ ಗಂಟೆ ನಿಖರವಾಗಿ ಕೇಳಲು ಸಾಧ್ಯ.

ಹಾಗೆ ಕೇಳುವುದು ಹೇಗೆ ಎಂಬುದೇ ಪಾಠದ ಮುಖ್ಯ ಭಾಗ. ಕನ್ನಡದ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಹೌದು ಅಲ್ಲ ಎಂಬ ಉತ್ತರ ಬೇಡುವ ಪ್ರಶ್ನೆಯ ಗುರುತೂ ಸಾಮಾನ್ಯವಾಗಿ ಕೊನೆಗೇ ಅಂಟಿಕೊಳ್ಳುತ್ತದೆ. ಓದುವವನು ಹಿಂದಿರುಗಿ ನೋಡಬಹುದು, ಕೇಳುವವನಿಗೆ ಆ ಅನುಕೂಲವಿಲ್ಲ. ಆದುದರಿಂದ ಉದ್ದವಾದ ಪ್ರಶ್ನೆ ಬಾನುಲಿಯಲ್ಲಿ ಇಬ್ಬರನ್ನೂ ದಾರಿ ತಪ್ಪಿಸುತ್ತದೆ. ಅಭ್ಯಾಸಕ್ಕಾಗಿ ಕಲ್ಪಿಸಿದ ಒಂದು ಮಾದರಿಯನ್ನು ನೋಡಬಹುದು.

“ಮೇಡಂ, ಮೇಲಿನ ವಾರ್ಡುಗಳಲ್ಲಿ ಕುಡಿಯುವ ನೀರಿನ ಸಮಸ್ಯೆ ಉಂಟು ಅಂತ ಜನ ಹೇಳ್ತಾ ಇದ್ದಾರೆ, ಪಂಚಾಯತ್ತಿನವರು ಒಳ್ಳೆಯ ಕೆಲಸ ಮಾಡ್ತಾ ಇದ್ದೀರಿ, ಮುಂದಕ್ಕೆ ಏನೆಲ್ಲ ಯೋಜನೆ ಹಾಕಿಕೊಂಡಿದ್ದೀರಿ, ಜನರ ಸಹಕಾರ ಹೇಗೆ ಉಂಟು?”

“ಸಮಸ್ಯೆ ನಮ್ಮ ಗಮನಕ್ಕೆ ಬಂದಿದೆ. ಸೂಕ್ತ ಕ್ರಮ ಕೈಗೊಳ್ಳಲಾಗುವುದು. ಜನರ ಸಹಕಾರ ಒಳ್ಳೆಯದುಂಟು.”

ಒಂದೇ ಉಸಿರಿನಲ್ಲಿ ಒಂದು ದೂರು, ಒಂದು ಹೊಗಳಿಕೆ, ಎರಡು ಪ್ರಶ್ನೆ. ಉತ್ತರಿಸುವವರು ಅವುಗಳಲ್ಲಿ ಸುಲಭವಾದುದನ್ನು ಆರಿಸಿಕೊಂಡರೆ ಅವರನ್ನು ದೂರುವಂತಿಲ್ಲ. ‘ಕೈಗೊಳ್ಳಲಾಗುವುದು’ ಎಂಬ ಕ್ರಿಯಾರೂಪವನ್ನೂ ಗಮನಿಸಬೇಕು. ಕಚೇರಿಯ ಕನ್ನಡಕ್ಕೆ ಅತ್ಯಂತ ಪ್ರಿಯವಾದ ಈ ಕರ್ಮಣಿ ಪ್ರಯೋಗದಲ್ಲಿ ಕರ್ತೃ ಕಾಣೆಯಾಗುತ್ತಾನೆ. ಯಾರು ಕೈಗೊಳ್ಳುತ್ತಾರೆ? ಯಾವಾಗ? ವ್ಯಾಕರಣದ ಪಾಠದಲ್ಲಿ ಕರ್ತರಿ, ಕರ್ಮಣಿಗಳನ್ನು ಪರಸ್ಪರ ಬದಲಿಸುವ ಅಭ್ಯಾಸವನ್ನು ಹತ್ತನೆಯ ತರಗತಿಯಲ್ಲೇ ಮಾಡಿಸುತ್ತಾರೆ. ಅದರ ನಿಜವಾದ ಉಪಯೋಗ ಇಲ್ಲಿದೆ. ಅದೇ ವಿಷಯವನ್ನು ಬೇರೆ ರೀತಿಯಲ್ಲಿ ಕೇಳಿದರೆ:

“ಮೇಲಿನ ಎರಡು ವಾರ್ಡಿಗೆ ನೀರು ಬಾರದೆ ಎಷ್ಟು ದಿನ ಆಯಿತು, ಮೇಡಂ?”

“ಹನ್ನೊಂದು ದಿನ.”

“ನಿಂತದ್ದು ಯಾಕೆ?”

“ಪಂಪಿನ ಮೋಟಾರು ಸುಟ್ಟದ್ದು.”

“ರಿಪೇರಿ ಮಾಡಿಸಬೇಕಾದ್ದು ಪಂಚಾಯತ್ತೋ, ನೀರಿನ ಇಲಾಖೆಯೋ?”

“ಅದು ಇಲಾಖೆಯದ್ದು. ನಾವು ಪತ್ರ ಬರೆದದ್ದುಂಟು.”

“ಪತ್ರ ಕೊಟ್ಟದ್ದು ಯಾವಾಗ?”

“...ನಿನ್ನೆ.”

ಇಲ್ಲಿ ಯಾರನ್ನೂ ಆಕ್ಷೇಪಿಸಿಲ್ಲ, ದನಿ ಏರಿಸಿಲ್ಲ. ‘ನಿನ್ನೆ’ ಎಂಬ ಮಾತಿಗೆ ಮುಂಚಿನ ಆ ಒಂದು ಕ್ಷಣದ ಮೌನ ಬರಹದಲ್ಲಿ ಮೂರು ಚುಕ್ಕೆಯಾಗಿ ಬರುತ್ತದೆ, ಬಾನುಲಿಯಲ್ಲಿ ಅದೇ ಉತ್ತರದ ಮುಖ್ಯ ಭಾಗ. ಸಂಕಲನ ಮಾಡುವವರು ಮೌನವನ್ನೆಲ್ಲ ಕತ್ತರಿಸಿ ಹಾಕುವ ಉತ್ಸಾಹ ತೋರಬಾರದು. ಪ್ರಶ್ನೆ ಕೇಳುವವರು ‘ಹ್ಞಾಂ, ಹ್ಞಾಂ’, ‘ಹೌದಲ್ವಾ’ ಎಂದು ಮಾತಿನ ನಡುವೆ ಹೂಂಗುಟ್ಟುವುದು ಚಾವಡಿಯ ಮರ್ಯಾದೆ. ಬಾನುಲಿಯಲ್ಲಿ ಅದು ಒಪ್ಪಿಗೆಯಂತೆ ಕೇಳಿಸುತ್ತದೆ.

ಮರ್ಯಾದೆಯ ಪ್ರಶ್ನೆ ಇನ್ನೂ ಆಳದ್ದು. ಅಧ್ಯಕ್ಷರಿಗೆ ‘ತಾವು’, ಕೃಷಿ ಅಧಿಕಾರಿಗೆ ‘ಸರ್’, ಬುಟ್ಟಿ ಹೆಣೆಯುವ ಕೊರಗ ಸಮುದಾಯದ ಹಿರಿಯನಿಗೆ ‘ನೀನು’ ಎಂದು ಒಂದೇ ಕಾರ್ಯಕ್ರಮದಲ್ಲಿ ಕೇಳಿಸಿದರೆ, ಆ ಕಾರ್ಯಕ್ರಮ ಬೇರೆ ಯಾವ ಮಾತನ್ನು ಹೇಳಿದರೂ ವ್ಯರ್ಥ. ಮನೆಯೊಳಗೆ ಪ್ರೀತಿಯಿಂದ ಬರುವ ಏಕವಚನ ಬೇರೆ, ಜಾತಿಯಿಂದ ಬರುವ ಏಕವಚನ ಬೇರೆ; ಕೇಳುಗನ ಕಿವಿಗೆ ಆ ವ್ಯತ್ಯಾಸ ತಪ್ಪದೆ ತಿಳಿಯುತ್ತದೆ. ಎಲ್ಲರಿಗೂ ‘ನೀವು’ ಎನ್ನುವುದು, ವಯಸ್ಸಾದವರಿಗೆ ಊರಿನ ಬಳಕೆಯಂತೆ ಅಣ್ಣ, ಅಕ್ಕ, ಅಜ್ಜ ಸೇರಿಸುವುದು ಸಾಕು. ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ, ಕರಾಡ, ಮಲಯಾಳ ಆಡುವವರು ಕನ್ನಡದಲ್ಲಿ ಉತ್ತರಿಸುವಾಗ ತಡವರಿಸಿದರೆ ಅದನ್ನು ತಪ್ಪೆಂದು ತಿದ್ದುವುದೂ ಸಲ್ಲದು. ‘ಬರ್ತದೆ’, ‘ಉಂಟು’, ‘ಎಂತ’ ಎನ್ನುವ ಕನ್ನಡ ಬೆಂಗಳೂರಿನ ಕಿವಿಗೆ ವಿಶೇಷವೆನಿಸಬಹುದು. ಈ ಪ್ರಸಾರ ಬೆಂಗಳೂರಿಗಲ್ಲ.

ಇನ್ನು ಪದಗಳ ವಿಚಾರ. ಗಡಿನಾಡಿನ ಸಂದರ್ಶಕನಿಗೆ ಅತಿ ಹೆಚ್ಚು ಶ್ರಮ ಇಲ್ಲಿದೆ. ಜಮೀನಿನ ದಾಖಲೆಗೆ ಕರ್ನಾಟಕದ ಕನ್ನಡಿಗ ‘ಪಹಣಿ’ ಎನ್ನುತ್ತಾನೆ. ಜತ್ತಿನ ಕನ್ನಡಿಗ ‘ಸಾತ್ ಬಾರಾ ಉತಾರ’ ಎನ್ನುತ್ತಾನೆ, ಮಡಕಶಿರಾದವನು ‘ಅಡಂಗಲ್’, ತಾಳವಾಡಿಯವನು ‘ಪಟ್ಟಾ, ಚಿಟ್ಟಾ’, ಕಾಸರಗೋಡಿನವನು ವಿಲ್ಲೇಜ್ ಆಫೀಸಿನ ‘ತಂಡಪ್ಪೇರ್’ ನಂಬರು ಹೇಳುತ್ತಾನೆ. ಇವು ಒಂದೇ ಕಾಗದದ ಐದು ಹೆಸರುಗಳೂ ಅಲ್ಲ. ಒಂದೊಂದರ ವಿವರ, ಕಾನೂನು ಬೆಲೆ ಬೇರೆ. ಅದನ್ನು ಕೊಡುವವನೂ ಒಂದು ಕಡೆ ತಲಾಠಿ, ಇನ್ನೊಂದು ಕಡೆ ವಿ.ಎ.ಒ., ಮತ್ತೊಂದು ಕಡೆ ವಿಲ್ಲೇಜ್ ಆಫೀಸರ್. ಭಾಷಾಭಿಮಾನದಿಂದ ಕಾಸರಗೋಡಿನ ಬಾನುಲಿಯಲ್ಲಿ ‘ಪಹಣಿ ತನ್ನಿ’ ಎಂದು ಹೇಳಿದರೆ ಕೇಳುಗ ಯಾವ ಕಚೇರಿಗೆ ಹೋದರೂ ಆ ಹೆಸರಿನ ಕಾಗದ ಸಿಗದು. ಹಾಗೆಂದು ಕಚೇರಿಯ ಪದಗಳನ್ನೇ ಸಾಲಾಗಿ ಜೋಡಿಸಿ ಕೊನೆಗೊಂದು ‘ಆಗಿದೆ’ ಸೇರಿಸಿದರೆ ಅದು ಕನ್ನಡವೂ ಆಗದು, ಯಾರಿಗೂ ತಿಳಿಯದು. ಕಚೇರಿಯಲ್ಲಿ ಕೇಳಬೇಕಾದ ಹೆಸರನ್ನು ಇದ್ದಂತೆಯೇ ಹೇಳಿ, ಅದು ಏನೆಂಬುದನ್ನು ಕೂಡಲೇ ಕನ್ನಡದಲ್ಲಿ ಬಿಡಿಸುವುದು ಉಪಯುಕ್ತ ಕ್ರಮ: “ತಂಡಪ್ಪೇರ್ ನಂಬರು ಬೇಕಾಗ್ತದೆ, ಅಂದರೆ ನಿಮ್ಮ ಹೆಸರಿನಲ್ಲಿ ಭೂಮಿ ತೆರಿಗೆಯ ಲೆಕ್ಕ ಇರುವ ನಂಬರು, ತೆರಿಗೆ ಕಟ್ಟಿದ ರಸೀದಿಯಲ್ಲಿ ನೋಡಿ.” ಹಳ್ಳಿಯ ಉದ್ಯೋಗ ಖಾತರಿಗೆ ಕಾಸರಗೋಡಿನ ಕೂಲಿಕಾರರು ‘ತೊಳಿಲುರಪ್ಪು’ ಎಂದೇ ಹೇಳುತ್ತಾರೆ. ಅದನ್ನು ನಾಚಿಕೆಯ ಸಂಗತಿಯೆಂದು ಭಾವಿಸುವ ಅಗತ್ಯವಿಲ್ಲ. ಕಾಯಿದೆ, ಕಚೇರಿ, ರಸೀದಿ ಎಂಬ ಪದಗಳೂ ಒಂದು ಕಾಲದಲ್ಲಿ ಆಡಳಿತದ ಜತೆಗೆ ಹೊರಗಿನಿಂದ ಬಂದವೇ.

ಕೊನೆಯದಾಗಿ, ಸ್ಥಳೀಯ ಪ್ರಚಲಿತ ವಿಷಯದ ಮಾತುಕತೆ ದೂರದ ಸುದ್ದಿಮನೆಗಿಂತ ಹೇಗೆ ಬೇರೆಯಾಗಬೇಕು ಎಂಬುದಕ್ಕೆ ಮೂರು ಪ್ರಸಂಗಗಳನ್ನು ಗಮನಿಸಬಹುದು. 2022ರ ಕೊನೆಯಲ್ಲಿ ಜತ್ತ ತಾಲೂಕಿನ ಹಳ್ಳಿಗಳು ಎರಡೂ ರಾಜ್ಯಗಳ ನಾಯಕರ ಬಾಯಲ್ಲಿ ಬಂದವು. ಹಳೆಯ ಗಡಿ ವಿವಾದ ಮತ್ತೆ ತಲೆಯೆತ್ತಿತು. ಸ್ಟುಡಿಯೊಗಳಲ್ಲಿ ‘ಯಾವ ರಾಜ್ಯಕ್ಕೆ’ ಎಂಬುದೇ ಪ್ರಶ್ನೆ. ಬರಪೀಡಿತವಾದ ಆ ಪೂರ್ವಭಾಗದ ಹಳ್ಳಿಗಳು ಬಹುಕಾಲದಿಂದ ಕೇಳುತ್ತಿದ್ದದ್ದು ಮ್ಹೈಸಾಳ ಯೋಜನೆಯ ಕೃಷ್ಣೆಯ ನೀರನ್ನು. ಊರಿನವರೇ ಕೇಳುವ ಸಂದರ್ಶನವಾದರೆ ಕಾಲುವೆ ಎಲ್ಲಿಯವರೆಗೆ ಬಂದಿದೆ ಎಂಬಲ್ಲಿಂದ ಮಾತು ತೊಡಗುತ್ತದೆ.

2020ರ ಮಾರ್ಚಿನಲ್ಲಿ ಸಾಂಕ್ರಾಮಿಕದ ಕಾಲದಲ್ಲಿ ಕರ್ನಾಟಕವು ಕಾಸರಗೋಡಿನ ಕಡೆಯ ರಸ್ತೆಗಳನ್ನು ಮುಚ್ಚಿತು. ಹಲವೆಡೆ ರಸ್ತೆಗೆ ಅಡ್ಡಲಾಗಿ ಮಣ್ಣು ಸುರಿಯಲಾಯಿತು. ಡಯಾಲಿಸಿಸಿಗೂ ಹೃದ್ರೋಗಕ್ಕೂ ಮಂಗಳೂರನ್ನೇ ನಂಬಿದ್ದ ಕುಟುಂಬಗಳು ತಲಪಾಡಿಯಲ್ಲಿ ನಿಂತವು. ಚಿಕಿತ್ಸೆ ಸಿಗದೆ ಜೀವ ಹೋದದ್ದೂ ಉಂಟು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ಆದೇಶ ನೀಡಿತು, ವಿಷಯ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ಒಕ್ಕೂಟ ವ್ಯವಸ್ಥೆ, ರಾಜ್ಯಗಳ ಅಧಿಕಾರ ಎಂದು ದೇಶದ ಮಾಧ್ಯಮಗಳು ಚರ್ಚಿಸುತ್ತಿದ್ದಾಗ, ಉಪ್ಪಳದ ಮನೆಯೊಂದರ ಪ್ರಶ್ನೆ ಬೇರೆಯಿತ್ತು. ನಾಳೆ ಬೆಳಿಗ್ಗೆ ಆಂಬುಲೆನ್ಸು ದಾಟಬಹುದೇ, ಯಾವ ವೈದ್ಯರ ಯಾವ ಪತ್ರ ಬೇಕು, ಜತೆಗೆ ಎಷ್ಟು ಜನ ಹೋಗಬಹುದು? ಇದಕ್ಕೆ ಎರಡೂ ಜಿಲ್ಲೆಗಳ ಅಧಿಕಾರಿಗಳನ್ನು ಒಂದೇ ಕಾರ್ಯಕ್ರಮದಲ್ಲಿ, ಎರಡೂ ಕಡೆಗೆ ತಿಳಿಯುವ ಭಾಷೆಯಲ್ಲಿ ಕೇಳಬಹುದಾಗಿತ್ತು. ಆ ಭಾಷೆ ಕನ್ನಡವೇ. ಗಡಿಯ ಕನ್ನಡ ಒಂದು ರಾಜ್ಯದ ಬಾಲವೆಂದು ಭಾವಿಸುವವರು ಈ ಸಂದರ್ಭವನ್ನು ನೆನೆಯಬೇಕು. ಎರಡು ಆಡಳಿತಗಳನ್ನು ಒಮ್ಮೆಗೇ ಪ್ರಶ್ನಿಸಬಲ್ಲ ಸ್ಥಾನ ಅದಕ್ಕಿದೆ.

ಮೂರನೆಯದು ಎಂಡೋಸಲ್ಫಾನ್. ಸರಕಾರಿ ಒಡೆತನದ ಗೇರು ತೋಟಗಳ ಮೇಲೆ 2000ದವರೆಗೆ ಸುಮಾರು ಎರಡು ದಶಕಕ್ಕೂ ಮಿಕ್ಕಿ ಹೆಲಿಕಾಪ್ಟರಿನಿಂದ ವಿಷ ಸಿಂಪಡಿಸಿದ ಕತೆ ಎಣ್ಮಕಜೆ, ಬೆಳ್ಳೂರು, ಕುಂಬಡಾಜೆಗಳಿಗೆ ಹೊಸದಲ್ಲ. ಪಡ್ರೆಯ ಸಂಕಟವನ್ನು ಹೊರಗೆ ತಿಳಿಸಿದವರಲ್ಲಿ ಅದೇ ಊರಿನ ಪತ್ರಕರ್ತ ಶ್ರೀಪಡ್ರೆ, ಅಲ್ಲಿನ ವೈದ್ಯ ವೈ.ಎಸ್. ಮೋಹನಕುಮಾರ್ ಇದ್ದರು ಎಂಬುದು ಗಮನಾರ್ಹ. ಸ್ಥಳೀಯರು ಕೇಳಿದ ಪ್ರಶ್ನೆಯೇ ಮೊದಲು ಬಂದದ್ದು. 2011ರ ಮೇಯಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಕೀಟನಾಶಕವನ್ನು ದೇಶದಾದ್ಯಂತ ನಿಷೇಧಿಸಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದಿತು. ಆ ಮನೆಗಳಿಗೆ ಮೈಕು, ಕ್ಯಾಮೆರಾ ಹಿಡಿದು ಬಂದವರಿಗೆ ಲೆಕ್ಕವಿಲ್ಲ. ತಾಯಿಯೊಬ್ಬಳಿಗೆ ‘ಮಗುವನ್ನು ಹೀಗೆ ನೋಡುವಾಗ ನಿಮಗೆ ಹೇಗನಿಸುತ್ತದೆ’ ಎಂದು ಕೇಳುವುದು ಪ್ರಶ್ನೆಯಲ್ಲ, ಅಳು ಬರಿಸುವ ಉಪಾಯ. ಅದರಿಂದ ಕಾರ್ಯಕ್ರಮಕ್ಕೆ ಲಾಭವಿರಬಹುದು, ಆಕೆಗೆ ಏನೂ ಇಲ್ಲ. ಆಕೆಯ ಬಳಿ ಕಣ್ಣೀರಿಗಿಂತ ಹೆಚ್ಚಿನದಿದೆ. ವರ್ಷಗಳ ಮಾಹಿತಿ ಇದೆ. ಯಾವ ವೈದ್ಯಕೀಯ ಶಿಬಿರಕ್ಕೆ ಕರೆದರು, ಅಲ್ಲಿ ಯಾವ ಭಾಷೆಯಲ್ಲಿ ಮಾತನಾಡಿದರು, ಪಟ್ಟಿಯಲ್ಲಿ ಹೆಸರು ಸೇರಿತೇ, ಸೇರದಿದ್ದರೆ ಕಾರಣ ಬರೆದುಕೊಟ್ಟರೇ, ಆ ಕಾಗದವನ್ನು ಓದಿ ಹೇಳಿದವರು ಯಾರು, ತಿಂಗಳ ಔಷಧ ಎಲ್ಲಿಂದ, ಬಸ್ಸಿಗೆ ಎಷ್ಟು? ಆಕೆ ಇವಕ್ಕೆ ಉತ್ತರಿಸಿದಾಗ ಅದೇ ಸ್ಥಿತಿಯ ಇನ್ನೊಂದು ಮನೆಗೆ ದಾರಿ ತಿಳಿಯುತ್ತದೆ; ಮರುವಾರ ಅಧಿಕಾರಿಯನ್ನು ಕೂರಿಸಿಕೊಂಡಾಗ ಕೇಳಲು ಹಿಡಿ ತುಂಬ ಪ್ರಶ್ನೆ ಸಿಗುತ್ತದೆ.

ವಿದ್ಯಾಸಂಸ್ಥೆಗಳಿಗೆ ಸಮುದಾಯ ಬಾನುಲಿಯ ಪರವಾನಗಿ ಪಡೆಯುವ ಅರ್ಹತೆ ಇದೆ. ಅದು ಬರುವ ತನಕ ಕಾಯಬೇಕಾಗಿಲ್ಲ ಎಂಬುದಕ್ಕೆ ಮಾಚನೂರಿನ ಟೇಪುಗಳೇ ಸಾಕ್ಷಿ. ಮೊಬೈಲಿನ ಧ್ವನಿಮುದ್ರಣ, ಗ್ರಂಥಾಲಯದ ಒಂದು ಕೋಣೆ, ತಿಂಗಳಿಗೊಮ್ಮೆ ವಾಚನಾಲಯದಲ್ಲೋ ಕುಡುಂಬಶ್ರೀ ಸಭೆಯಲ್ಲೋ ಕೇಳಿಸುವ ಇಪ್ಪತ್ತು ನಿಮಿಷ ಇಷ್ಟರಿಂದ ತೊಡಗಬಹುದು. ದ್ವಿತೀಯ ಪದವಿಯ ವಿದ್ಯಾರ್ಥಿಗಳು ಅಭ್ಯಾಸಕ್ಕಾಗಿ ತಮ್ಮ ವಾರ್ಡಿನ ಸದಸ್ಯರನ್ನೋ ಪಡಿತರ ಅಂಗಡಿಯವರನ್ನೋ ಆರಿಸಿಕೊಂಡು, ಒಂದೊಂದು ವಾಕ್ಯಕ್ಕೆ ಮೀರದ ಹತ್ತು ಪ್ರಶ್ನೆ ಬರೆಯಬೇಕು. ಅವುಗಳಲ್ಲಿ ‘ಯೋಜನೆ’, ‘ಸಹಕಾರ’, ‘ಅಭಿಪ್ರಾಯ’ ಎಂಬ ಮೂರು ಪದಗಳು ಬರಕೂಡದು. ಮುದ್ರಣವನ್ನು ಮರಳಿ ಕೇಳುವಾಗ ‘ಲಾಗುವುದು’ ಎಂದು ಮುಗಿದ ಉತ್ತರಗಳೆಷ್ಟು, ಅವುಗಳ ಬೆನ್ನಿಗೆ ‘ಯಾರು’ ಎಂದು ಕೇಳಿದ್ದು ಎಷ್ಟು ಸಲ ಎಂಬುದನ್ನು ಎಣಿಸಿ ಪುಸ್ತಕದಲ್ಲಿ ಬರೆದು ತರಬೇಕು.